ಅರ್ಧಕ್ಕೆ ಆರಿಸಿದ ಸ್ವಿಚ್ಚು

ಕುಂದಲಹಳ್ಳಿ,
ಅಕ್ಟೋಬರ್ ೯, ಗುರುವಾರ

ಪ್ರೀತಿಯ ಶ್ರೀಮಾನ್ ಅಮರೇಶ್ ಅವರಿಗೆ,

(‘ಪ್ರೀತಿಯ’ ಎಂದು ರೂಢಿಗೆ ಬರೆದಿದ್ದೇನೆ. ಅದರಲ್ಲಿ ಹೆಚ್ಚು ಅರ್ಥ ಹುಡುಕಬೇಡಿ.)

ಆರೋಗ್ಯ ಹೇಗಿದೆ? ಬಿ.ಪಿ. ಇಳಿಯಿತೇ? ಅಲ್ಲಿ ಹೊಟ್ಟೆಗೆ ಮಣ್ಣಿನ ಪಟ್ಟಿ ಕಟ್ಟುತ್ತಾರಂತೆ, ಬೆಳಿಗ್ಗೆ ಬೂದುಗುಂಬಳದ ರಸ ಕುಡಿಸುತ್ತಾರಂತೆ. ಚೆನ್ನಾಗಿ ಕುಡಿಸಲಿ. ಮಾದನಾಯಕನಹಳ್ಳಿಯಾಚೆಯ ಆ ಪ್ರಕೃತಿ ಚಿಕಿತ್ಸಾಲಯದಲ್ಲಿ ಮೊಬೈಲನ್ನು ಆಫೀಸಿಗೆ ಒಪ್ಪಿಸಬೇಕು ಎಂದು ಕೇಳಿದಾಗಲೇ ನನಗೆ ತಿಳಿಯಿತು, ನಿಮ್ಮ ಬಿ.ಪಿ. ಆಯುಧಪೂಜೆಯ ಮರುದಿನವೇ ಯಾಕೆ ಏರಿತೆಂದು. ಹೆಂಡತಿಯ ಫೋನು ಮುಟ್ಟದ ಜಾಗ ಬೆಂಗಳೂರಿನ ಸುತ್ತ ಅದೊಂದೇ ಉಳಿದಿತ್ತು ಅಂತ ಕಾಣುತ್ತದೆ. ಅದಕ್ಕೇ ಈ ಕಾಗದ. ಡ್ರೈವರ್ ಶ್ಯಾಮಣ್ಣ ನಿಮ್ಮ ಬಟ್ಟೆಯ ಚೀಲದ ಜೊತೆ ತಂದುಕೊಡುತ್ತಾರೆ. ಅತ್ತೆಯವರು ಆರಾಮಾಗಿದ್ದಾರೆ. ನಾನೂ ಇದ್ದೇನೆ, ಗಂಟಲು ಮಾತ್ರ ಕಟ್ಟಿದೆ. ಯಾಕೆಂದು ಮುಂದೆ ಹೇಳುತ್ತೇನೆ.

ನಮ್ಮ ಕಂಪ್ಯೂಟರಿನ ಡಿಸ್ಕಿನ ಸಮಾಚಾರ ಮೊದಲು. ಎಸ್.ಪಿ. ರೋಡಿನ ರಿಪೇರಿ ಅಂಗಡಿಗೆ ಒಯ್ದು ತೋರಿಸಿದೆ. ಎರಡು ದಿನ ಇಟ್ಟುಕೊಂಡು, “ಮೇಡಂ, ಇದರ ಕಥೆ ಮುಗೀತು, ಒಳಗಿಂದ ಏನೂ ಬರಲ್ಲ” ಎಂದು ವಾಪಸ್ ಕೊಟ್ಟರು. ಡಿಸ್ಕನ್ನು ನಡೆಸುವ ಬುದ್ಧಿಯೇ ಅದರ ಫರ್ಮ್‌ವೇರು. ಅದನ್ನು ಬದಲಾಯಿಸುವಾಗ ನಡುವೆ ಕರೆಂಟು ಕಿತ್ತರೆ ಹಳೆಯ ಬುದ್ಧಿಯೂ ಇಲ್ಲ, ಹೊಸದೂ ಇಲ್ಲ ಎಂದರು. ನನಗೆ ಅದು ಡಿಸ್ಕಿನ ವಿಷಯ ಮಾತ್ರ ಅನ್ನಿಸಲಿಲ್ಲ. ಕುಂಕುಮ ಯಾಕೆ ಮೆತ್ತಿದೆ ಎಂದು ಬೇರೆ ಕೇಳಿದರು. ನಮ್ಮ ಯಜಮಾನರು ವೈಟ್‌ಫೀಲ್ಡಿನ ದೊಡ್ಡ ಕಂಪನಿಯಲ್ಲಿ ಕಂಪ್ಯೂಟರ್ ಸುರಕ್ಷತೆಯ ಬಗ್ಗೆ ಜನರನ್ನು ಕೂರಿಸಿಕೊಂಡು ಪಾಠ ಹೇಳುವವರು ಎಂದು ಹೇಳಲು ಬಾಯಿ ಬರಲಿಲ್ಲ, ಮಕ್ಕಳ ಆಟ ಎಂದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ದೊಡ್ಡವರು ಸುಮ್ಮನೆ ಹೇಳಿದರೇ?

ಅದರೊಳಗೆ ಏನಿತ್ತು ಎಂಬುದನ್ನೂ ಬರೆಯುತ್ತೇನೆ, ನಿಮಗೆ ಇವತ್ತಿಗೂ ಸರಿಯಾಗಿ ಗೊತ್ತಿದೆ ಎಂಬ ನಂಬಿಕೆ ನನಗಿಲ್ಲ. ನೀವು ‘ಟೈಂಪಾಸ್’ ಅನ್ನುವ ಆ ಕೆಲಸ. ಲಗ್ಗೆರೆಯ ಹಾಸ್ಟೆಲಿನ ಕಣ್ಣು ಕಾಣದ ಹುಡುಗಿಯರಿಗಾಗಿ ಹತ್ತನೇ ತರಗತಿಯ ವಿಜ್ಞಾನವನ್ನು ಓದಿ ರೆಕಾರ್ಡ್ ಮಾಡುತ್ತಿದ್ದೆನಲ್ಲ, ಅದು. ರಸ್ತೆಯ ಹಾರ್ನು ಕೇಳಬಾರದೆಂದು ಬೀರುವಿನ ಬಾಗಿಲು ತೆಗೆದು, ಸೀರೆಗಳ ನಡುವೆ ತಲೆ ತೂರಿಸಿ ಕೂತು, ಬೇಸಿಗೆಯಿಡೀ ಬೆವರು ಸುರಿಸಿ ಓದಿದ್ದು. ಬರೀ ಓದಿದರೆ ಆಗುತ್ತದೆಯೇ? ಪುಸ್ತಕದಲ್ಲಿರುವ ಚಿತ್ರವನ್ನು ಮಾತಿನಲ್ಲಿ ಬಿಡಿಸಬೇಕು. ವಿದ್ಯುತ್ ಮಂಡಲದ ಒಂದೇ ಒಂದು ಚಿತ್ರ, ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಬರುತ್ತದೆ ಎಂದು ಹೇಳಲು ಮೂರು ಸಲ ಅಳಿಸಿ ಓದಿದ್ದೇನೆ. ಮೊದಲರ್ಧ ಹಾಸ್ಟೆಲಿಗೆ ತಲುಪಿತ್ತು. ಉಳಿದರ್ಧ ಹಬ್ಬ ಮುಗಿಸಿ ಕೊಡುವುದಿತ್ತು. ಪರೀಕ್ಷೆ ತಿಂಗಳ ಕೊನೆಗೆ.

ಆಯುಧಪೂಜೆಯ ದಿನ ನೀವು ಆ ಫರ್ಮ್‌ವೇರನ್ನು ಅಪ್‌ಡೇಟ್ ಮಾಡಹೊರಟಿದ್ದೇ ತಪ್ಪು ಅನ್ನುತ್ತಿಲ್ಲ. ಹಳೆಯ ಫರ್ಮ್‌ವೇರಿನಲ್ಲಿ ದೋಷವಿದೆ, ಡಿಸ್ಕು ಇದ್ದಕ್ಕಿದ್ದಂತೆ ಕೈಕೊಡಬಹುದು ಎಂದು ತಯಾರಿಸಿದವರೇ ತಿಳಿಸಿದ್ದರು. ಆದರೆ ಅದೇ ಪುಟದಲ್ಲಿ, ಮೊದಲು ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ, ಕರೆಂಟು ಹೋಗದಂತೆ ನೋಡಿಕೊಳ್ಳಿ, ಮುಗಿಯುವ ತನಕ ಮುಟ್ಟಬೇಡಿ ಎಂದೂ ಇತ್ತು. ನಾನು ಓದಿ ಹೇಳಿದೆ. ಹೋಳಿಗೆ ತಟ್ಟುತ್ತಿದ್ದೇನೆ, ಕೈ ತೊಳೆದು ಬಂದು ನಕಲು ಮಾಡುತ್ತೇನೆ, ಅಲ್ಲಿಯವರೆಗೆ ಸುಮ್ಮನಿರಿ ಎಂದೆ. “ನನಗೇ ಹೇಳಿಕೊಡ್ತೀಯಾ? ಇದೇ ನನ್ನ ಕೆಲಸ ಕಣೇ” ಎಂದಿರಿ. ನಕಲು ಮಾಡಲೆಂದೇ ಕೊಂಡ ಹೊಸ ಡ್ರೈವು ಅದೇ ಮೇಜಿನ ಮೇಲೆ, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ಬಿದ್ದಿತ್ತು. ಅದಕ್ಕೂ ಕುಂಕುಮ ಹಚ್ಚಿದಿರಿ! ಕರೆಂಟು ಹೋದರೂ ಕಂಪ್ಯೂಟರ್ ಆರದಿರಲೆಂದು ತಂದ ಯುಪಿಎಸ್‌ಗೆ ಏನು ಸಿಕ್ಕಿಸಿದ್ದಿರಿ, ನೆನಪಿದೆಯೇ? ಬಾಲ್ಕನಿಯ ಸೀರಿಯಲ್ ಲೈಟು. ಕರೆಂಟು ಹೋದರೆ ಅಪಾರ್ಟ್‌ಮೆಂಟಿನವರ ಮುಂದೆ ನಿಮ್ಮ ದೀಪ ಆರಬಾರದಲ್ಲ.

ಇಷ್ಟಾದರೂ ಕರೆಂಟು ಹೋಗಲಿಲ್ಲ ನೋಡಿ. ಆ ಕರೆಂಟಿಗಿರುವ ಮರ್ಯಾದೆ ನಿಮಗಿಲ್ಲ. ಅಪ್‌ಡೇಟ್ ಅರ್ಧ ಆಗಿತ್ತು. ಅಷ್ಟರಲ್ಲಿ ಅತ್ತೆಯವರು ಆರತಿ ತಟ್ಟೆ ಹಿಡಿದು ಬಂದು, “ಪೂಜಿಗಿಟ್ಟ ಮೇಲೆ ಯಂತ್ರ ಓಡಬಾರ್ದಪ್ಪಾ, ಆರ್ಸದನ್ನ” ಎಂದರು. ಆಗ ನೀವು ಹೇಳಬೇಕಾಗಿದ್ದು ಒಂದೇ ಮಾತು: ಎರಡು ನಿಮಿಷ ತಡಿ ಅವ್ವಾ. ಹೆಂಡತಿಯ ಮುಂದೆ ಹುಲಿಯಾಗಿದ್ದವರ ಬಾಯಿಂದ ಅದು ಹೊರಡಲಿಲ್ಲ. ಗೋಡೆಯ ಸ್ವಿಚ್ಚನ್ನು ಟಪ್ ಎಂದು ಆರಿಸಿದಿರಿ. ನಾನು ಅಡುಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಕಣಕ ಹಿಡಿದು, ನೋಡುತ್ತಾ ನಿಂತಿದ್ದೆ. ಪೂಜೆಯಾದ ಮೇಲೆ ಮತ್ತೆ ಹಾಕಿದರೆ, ಡಿಸ್ಕೇ ಇಲ್ಲ ಅಂದಿತು ಕಂಪ್ಯೂಟರು. ಆಗ ನೀವು ಆಡಿದ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ. “ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ.” ಅಂದು ಹೋಳಿಗೆಗೆ ಕೂತಿರಿ. ತುಪ್ಪ ಬೇರೆ ಕೇಳಿದಿರಿ.

ಅತ್ತೆಯವರನ್ನು ನಾನು ಬಯ್ಯುವುದಿಲ್ಲ. ಏನಾಯಿತೆಂದು ಬಿಡಿಸಿ ಹೇಳಿದಾಗ ಅವರು, “ಒಂದು ಮಾತು ಹೇಳಿದ್ರೆ ನಾ ಕಾಯ್ತಿರಲಿಲ್ಲೇನವ್ವಾ? ಹೂವೇನು ಬಾಡಿ ಹೋಗ್ತಿದ್ವಾ?” ಎಂದರು. ಈಗ ನಾನು ಹೊಸ ಡಿಸ್ಕು ಹಾಕಿಸಿ, ಉಳಿದರ್ಧವನ್ನು ಮೊದಲಿನಿಂದ ಓದುತ್ತಿದ್ದೇನೆ. ಗಂಟಲು ಕಟ್ಟಿದ್ದು ಅದಕ್ಕೇ. ಅವರು ಬೀರುವಿನ ಪಕ್ಕ ಕುರ್ಚಿ ಹಾಕಿಕೊಂಡು ಮೆಣಸಿನ ಕಷಾಯ ಹಿಡಿದು ಕೂರುತ್ತಾರೆ. ಯಾರಾದರೂ ಬೆಲ್ ಒತ್ತಿದರೆ ಇಡೀ ಮಹಡಿಗೆ ಕೇಳುವಂತೆ ಗದರುತ್ತಾರೆ, ಹಾಗಾಗಿ ಆ ಸಾಲನ್ನು ಮತ್ತೆ ಓದಬೇಕಾಗುತ್ತದೆ. ಪಾಠ ಮುಗಿದ ಕೂಡಲೇ ನಕಲು ತೆಗೆದು ಆ ಹೊಸ ಡ್ರೈವಿಗೆ ಹಾಕುತ್ತೇನೆ. ಅದರ ಮೇಲಿನ ಕುಂಕುಮವನ್ನು ಒರೆಸಿಲ್ಲ, ನೀವೇ ಬಂದು ನೋಡಿ ಎಂದು ಬಿಟ್ಟಿದ್ದೇನೆ. ಪರೀಕ್ಷೆಯ ಒಳಗೆ ಎಲ್ಲ ಮುಗಿಯುವುದಿಲ್ಲ. ವಿದ್ಯುಚ್ಛಕ್ತಿಯ ಪಾಠವೊಂದಾದರೂ ಮುಗಿದರೆ ಸಾಕು ಎಂದು ಒದ್ದಾಡುತ್ತಿದ್ದೇನೆ.

ರಸ ಬಿಡದೆ ಕುಡಿಯಿರಿ. ಮಣ್ಣಿನ ಪಟ್ಟಿಯನ್ನು ತಲೆಗೂ ಕಟ್ಟುತ್ತಾರೆಯೇ ಎಂದು ವಿಚಾರಿಸಿ. ಅತ್ತೆಯವರು ಆಶೀರ್ವಾದ ತಿಳಿಸಲು ಹೇಳಿದ್ದಾರೆ. ನನ್ನ ಕಡೆಯಿಂದ ಸದ್ಯಕ್ಕೆ ಅಷ್ಟೇ.

ಇಂತಿ,
ನಿಮ್ಮ ಟೈಂಪಾಸ್ ಹೆಂಡತಿ,
ಶೀತಲ್

ತಾ.ಕ.: ಕೆಳಗೆ ಶ್ಯಾಮಣ್ಣ ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನೆ ಲಗ್ಗೆರೆಗೆ ಹೋಗಿ, ಪಾಠ ತಡವಾಗುತ್ತದೆ ಎಂದು ಹುಡುಗಿಯರಿಗೆ ನಾನೇ ಹೇಳಿ ಬಂದೆ. ಯಾಕೆ ಎಂದು ಕೇಳಿದರು. ಸುಳ್ಳು ಹೇಳಲಿಲ್ಲ. ಆರಿಸಬೇಡಿ ಎಂದು ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ದೊಡ್ಡದಾಗಿ ಬರೆದಿತ್ತು, ನಮ್ಮ ಮನೆಯವರು ಆರಿಸಿದರು ಎಂದೆ. ಯಾರೂ ನಗಲಿಲ್ಲ, ಬಯ್ಯಲಿಲ್ಲ. ಮಹಾದೇವಿ ಎಂಬ ಹುಡುಗಿ ನನ್ನ ಕೈ ಹುಡುಕಿ ಹಿಡಿದುಕೊಂಡು, ಪಾಪ ಅನ್ನುವ ದನಿಯಲ್ಲೇ ಕೇಳಿದಳು: “ನಿಮ್ಮ ಮನ್ಯಾವ್ರಿಗೆ ಕಣ್ಣು ಕಾಣ್ತಾವೇನ್ರಿ ಅಕ್ಕಾ?” ಭಾನುವಾರ ಬೆಳಿಗ್ಗೆ ಅವರೇ ಬಂದು ಹೇಳುತ್ತಾರೆ ಎಂದು ಮಾತು ಕೊಟ್ಟು ಬಂದಿದ್ದೇನೆ. ಮೊಬೈಲು ವಾಪಸ್ ಇಸಿದುಕೊಂಡು ಶನಿವಾರವೇ ಹೊರಡಿ. ಹುಡುಗಿಯರು ಕಾಯುತ್ತಿರುತ್ತಾರೆ.