ಗಗನನೌಕೆಯಲ್ಲಿ ಅಪ್ಪನ ಕಂಬಳಿ

ಮಮದಾಪುರ, ತಾ. ಗೋಕಾಕ
ಗುರುವಾರ, 21-8-2025

ತಂಗಿ ಅನ್ನಪೂರ್ಣಾಳಿಗೆ ಅಕ್ಕ ಕಸ್ತೂರಿಯ ಆಶೀರ್ವಾದಗಳು.

ಕ್ಷೇಮ ಸಮಾಚಾರ ಈ ಸಲ ಕೇಳುವುದಿಲ್ಲ. ಸಿಟ್ಟು ಬಂದಿದೆ. ಫೋನಿನಲ್ಲಿ ಬೈದರೆ ನೀನು ‘ಸಿಗ್ನಲ್ ಇಲ್ಲ ಅಕ್ಕಾ’ ಎಂದು ಇಟ್ಟುಬಿಡುತ್ತೀ. ಅದಕ್ಕೇ ಕಾಗದ. ಪೂರ್ತಿ ಓದು.

ಭಾನುವಾರ ನಿನ್ನ ಧಾರಾವಾಹಿಯ ಒಂಬತ್ತನೆಯ ಕಂತು ನೋಡಿದೆವು. ‘ನಮ್ಮ ಅನ್ನಪೂರ್ಣಾ ಬರೆದದ್ದು’ ಎಂದು ನಾನೇ ಓಣಿಯವರನ್ನೆಲ್ಲ ಕರೆದು ಕೂಡಿಸಿದ್ದೆ, ಚಹಾ ಬೇರೆ ಮಾಡಿದ್ದೆ. ಅಪ್ಪ ಎಲ್ಲರಿಗಿಂತ ಮುಂದೆ ಕುಳಿತಿದ್ದ. ಗಗನನೌಕೆ ಕೆಟ್ಟಿದೆ, ಒಳಗಿನ ಆರು ಜನ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದಾರೆ, ಆಸನಗಳು ಐದೇ ಉಳಿದಿವೆ. ಅಲ್ಲಿಯವರೆಗೆ ಯಾರೂ ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಕ್ಯಾಪ್ಟನ್ ಜ್ವರ ಬಂದ ಹುಡುಗಿಯನ್ನು ಒಂದು ಬರಡು ಗ್ರಹದ ಮೇಲೆ, ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಮಲಗಿಸಿದ. ಕರಿ ಕಂಬಳಿ ಹೊದಿಸಿದ. ತಿರುಗಿಯೂ ನೋಡದೆ ಬಾಗಿಲು ಹಾಕಿಕೊಂಡು ಹೋದ.

ಗಗನನೌಕೆಗೆ ಕಂಬಳಿ ಎಲ್ಲಿಂದ ಬಂತು? ನಗಲು ಹೋದ ಕರೆಪ್ಪ ಕಾಕಾ ತನ್ನ ಅಣ್ಣನ ಮುಖ ನೋಡಿ ಚಹಾದ ಬಟ್ಟಲಿಗೆ ಬಾಯಿ ಹಚ್ಚಿದ. ಅಪ್ಪ, ‘ಅದು ನನ್ನ ಕಂಬಳಿ’ ಎಂದ. ಅಷ್ಟೇ ಹೇಳಿ ಎದ್ದು ಹೊರಗೆ ಹೋದ.

ಇಪ್ಪತ್ತೊಂಬತ್ತು ವರ್ಷದ ಹಿಂದಿನ ಸೇಡನ್ನು ಹೀಗೆ ತೀರಿಸಿಕೊಳ್ಳುವುದೇ? ಆಗ ನಿನಗೆ ಆರು ವರ್ಷ, ನನಗೆ ಹನ್ನೊಂದು. ಅವ್ವ ತೀರಿಹೋಗಿ ವರ್ಷ ತುಂಬಿರಲಿಲ್ಲ. ಕುರಿ ಹೊಡೆದುಕೊಂಡು ಮೂಡಲಗಿಯಿಂದ ಹುಕ್ಕೇರಿ ಕಡೆ ಹೊರಟಿದ್ದೆವು. ಇದ್ದದ್ದು ಒಂದೇ ಕುದುರೆ. ಅದರ ಮೇಲೆ ಗಂಟುಮೂಟೆ, ಎಳೆ ಮರಿಗಳು. ಅವುಗಳ ನಡುವೆ ಒಬ್ಬರಿಗಷ್ಟೇ ಜಾಗ. ನಿನಗೆ ಜ್ವರ. ನನ್ನ ಕಾಲಿಗೆ ಜಾಲಿಮುಳ್ಳು ನಟ್ಟು ಹೆಜ್ಜೆ ಊರಲಾಗದ ಸ್ಥಿತಿ. ಹೊಲದವರು ಹಿಂಡು ಎಬ್ಬಿಸಿರೆಂದು ತಲೆಯ ಮೇಲೆ ನಿಂತಿದ್ದರು. ಅಪ್ಪ ಏನು ಮಾಡಬೇಕಿತ್ತು, ನೀನೇ ಹೇಳು. ನಮ್ಮಿಬ್ಬರನ್ನೂ ಹೆಗಲ ಮೇಲೆ ಹೊತ್ತುಕೊಂಡು ಇನ್ನೂರು ಕುರಿ ಕಾಯಬೇಕಿತ್ತೇ?

ಬರಡು ಗ್ರಹವಂತೆ! ನಿನ್ನನ್ನು ಬಿಟ್ಟದ್ದು ಕುರಿ ವ್ಯಾಪಾರದ ತಾಜುದ್ದೀನ ಕಾಕಾನ ಮನೆಯಲ್ಲಿ. ಅವನ ಹೆಂಡತಿ ಖೈರುನಬಿ ಕಾಕಿ ನಲವತ್ತು ದಿನ ನಿನ್ನನ್ನು ತನ್ನ ಮಗ್ಗುಲಲ್ಲೇ ಮಲಗಿಸಿಕೊಂಡಳು. ಜ್ವರಕ್ಕೆ ನಿನ್ನ ಕೂದಲು ಉದುರಿದಾಗ ಕುಳಿತು ಅತ್ತವಳು ಅವಳು. ಆ ತಾಯಿಯನ್ನು ನೀನು ಏನು ಮಾಡಿದೆ? ತಾಸಿಗೊಮ್ಮೆ ‘ಔಷಧಿ ಸೇವಿಸಿ’ ಎನ್ನುವ ಯಂತ್ರ! ಸೋಮವಾರ ಕಾಕಿ ಫೋನ್ ಮಾಡಿದ್ದಳು. ಅದು ತಾನೇ ಎಂದು ಅವಳಿಗೆ ಹೊಳೆದಿಲ್ಲ, ಪುಣ್ಯ. ‘ಯವ್ವಾ ಕಸ್ತೂರಿ, ಆ ಕೂಸಿಗೆ ಗಂಜಿ ಕುಡಸಾಕ ಅಲ್ಲಿ ಒಬ್ಬರೂ ಇಲ್ಲೇನ? ಯಾರನ್ನರ ಕಳಸು ಅಂತ ನಮ್ಮ ಅನ್ನಪೂರ್ಣಾಗ ಹೇಳು’ ಎಂದಳು. ನನಗೆ ನಾಚಿಕೆಯಾಯಿತು. ಬರೆಯುವಾಗ ನಿನಗೆ ಆಗಲಿಲ್ಲವೇ?

‘ಎರಡು ದಿನದಲ್ಲಿ ಬರುತ್ತೇನೆ’ ಎಂದು ಕ್ಯಾಪ್ಟನ್ ಸುಳ್ಳು ಹೇಳುತ್ತಾನೆ. ಅಪ್ಪನೂ ಹಾಗೆಯೇ ಹೇಳಿದ್ದ, ನಿಜ. ಎಂಟನೆಯ ದಿನ ಹಿಂಡನ್ನು ಕರೆಪ್ಪ ಕಾಕಾನಿಗೆ ಒಪ್ಪಿಸಿ ನಡೆದೇ ಬಂದಿದ್ದ. ಜ್ವರದ ತಾಪದಲ್ಲಿ ನೀನು ಅವನ ಗುರುತು ಹಿಡಿಯಲಿಲ್ಲ. ಇದನ್ನು ಅವನು ಎಂದೂ ನಿನ್ನ ಮುಂದೆ ಆಡಿಲ್ಲ. ಆಡಬೇಕೆಂದು ಅವನಿಗೆ ತೋಚಿಯೂ ಇರಲಿಕ್ಕಿಲ್ಲ.

ಇನ್ನು ಆ ಕೈ ಮುರಿದ ಹುಡುಗಿ. ಐದನೆಯ ಆಸನ ಅವಳಿಗೆ ಸಿಗುತ್ತದೆ, ಕಿಟಕಿಗೆ ಹಣೆ ಹಚ್ಚಿ ದಾರಿಯುದ್ದಕ್ಕೂ ಅಳುತ್ತಾಳೆ. ಬಾಜೂ ಮನೆಯ ಯಲ್ಲಕ್ಕ ನನ್ನ ತೋಳು ತಿವಿದು, ‘ಇಕಿ ನೀನ ಅಲ್ಲೇನ? ಎಷ್ಟ ಚಂದ ತೋರಿಸ್ಯಾಳ ನೋಡ’ ಎಂದಳು. ಇಡೀ ನೌಕೆಯಲ್ಲಿ ನೀನು ಒಳ್ಳೆಯವಳನ್ನಾಗಿ ಮಾಡಿದ್ದು ಅವಳೊಬ್ಬಳನ್ನೇ. ಯಾಕೆ ಮಾಡಿದೆ? ನಿನ್ನನ್ನು ಯಾರು ಕೇಳಿದ್ದರು?

ಭಾನುವಾರವೇ ಅಪ್ಪ ಕಂಬಳಿ ಮಡಿಚಿ ಅಟ್ಟದ ಮೇಲೆ ಇಟ್ಟುಬಿಟ್ಟ. ಹೆಗಲ ಮೇಲೆ ಕಂಬಳಿಯಿಲ್ಲದೆ ಅವನು ಹೊಸಿಲು ದಾಟಿದ್ದನ್ನು ನಾನು ಕಂಡವಳಲ್ಲ; ಈಗ ನಾಲ್ಕು ದಿನದಿಂದ ಹೊಸಿಲೇ ದಾಟಿಲ್ಲ. ನಿನ್ನೆ ರೊಟ್ಟಿ ಮುರಿಯುತ್ತ ಕುಳಿತವನು, ‘ಕಸ್ತೂರಿ, ನಾ ಖರೇನ ತಿರುಗಿ ನೋಡಿದ್ದಿಲ್ಲೇನ? ನನಗ ನೆನಪಿಲ್ಲ’ ಎಂದು ಕೇಳಿದ. ನೋಡಿದ್ದ, ತಂಗೀ. ಓಣಿ ಮುಗಿಯುವವರೆಗೂ ತಿರುಗಿ ತಿರುಗಿ ನೋಡುತ್ತಲೇ ನಡೆದಿದ್ದ. ಕುದುರೆಯ ಮೇಲೆ ಕುಳಿತ ನನಗೆ ಎಲ್ಲ ಕಾಣುತ್ತಿತ್ತು. ಹೇಳಿದರೂ ಅವನು ನಂಬುತ್ತಿಲ್ಲ. ಟಿ.ವಿ.ಯಲ್ಲಿ ನೋಡಿದ್ದೇ ಅವನಿಗೆ ಖರೆ ಆಗಿದೆ.

ಇನ್ನೊಂದು ಕಂತು ಬಾಕಿ ಇದೆ ಎಂದಿದ್ದೆಯಲ್ಲ. ಹೇಗಾದರೂ ಮಾಡಿ ಕ್ಯಾಪ್ಟನ್‌ನನ್ನು ತಿರುಗಿ ನೋಡಿಸು. ಅದಾಗದಿದ್ದರೆ ರೈಲು ಹತ್ತಿ ಘಟಪ್ರಭಾಕ್ಕೆ ಬಂದು ಇಳಿ, ಆ ಕಂಬಳಿಯನ್ನು ನಿನ್ನ ಕೈಯಾರೆ ಅಪ್ಪನ ಹೆಗಲಿಗೆ ಹಾಕು. ನನ್ನ ಕೈಯಿಂದ ಅವನು ತೆಗೆದುಕೊಳ್ಳಲಿಲ್ಲ.

ಸಿಟ್ಟಿನಲ್ಲಿಯೂ ನಿನ್ನವಳೇ ಆದ
ಅಕ್ಕ ಕಸ್ತೂರಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದ್ದೇನೆ. ನನ್ನ ಕಾಲಿಗೆ ಮುಳ್ಳು ನಟ್ಟಿರಲಿಲ್ಲ. ಮೂರು ದಿನದಿಂದ ಕುದುರೆಯ ಮೇಲೆ ನೀನೊಬ್ಬಳೇ ಕುಳಿತಿದ್ದೆ, ನನಗೂ ಕೂರಬೇಕಿತ್ತು. ನಿನ್ನನ್ನು ಬಿಟ್ಟು ಹೋಗುತ್ತಾರೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ನೀನು ಬಂದ ದಿನ ಅಪ್ಪನ ಮುಂದೆಯೂ ಹೇಳುತ್ತೇನೆ, ನನ್ನ ಬಾಜೂಕ್ಕೆ ನಿಲ್ಲು. ಅಂದು ಅಪ್ಪ ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಸೂಜಿಯಿಂದ ಹುಡುಕಿ ಹುಡುಕಿ, ‘ಭಾಳ ಒಳಗ ಹೋಗೇತಿ’ ಎಂದು ಕೈಬಿಟ್ಟಿದ್ದ. ಈಗಲೂ ನಾನು ಸ್ವಲ್ಪ ನಿಧಾನ ನಡೆದರೆ ಸಾಕು, ‘ಆ ಮುಳ್ಳ ಇನ್ನೂ ಚುಚ್ಚತೈತೇನವಾ?’ ಎಂದು ಕೇಳುತ್ತಾನೆ.