ಸಾಯಲೊಲ್ಲದ ಲೋಕ

ಮಾರ್ಚ್ ೬, ಗುರುವಾರ

ನಾದಿನಿ ಬರುತ್ತಾಳಂತೆ! ಮದುವೆಯ ದಿನವೂ ನನ್ನೊಡನೆ ಮಾತಾಡದವಳು ಇಂದು ತಾನಾಗಿಯೇ ಫೋನ್ ಮಾಡಿದಳು. "ಅತ್ತಿಗೆ, ದಾಳ ಉರುಳಿಸಿ ಪಾತ್ರವಾಗಿ ಆಡೋ ಕಥೆಯಾಟ ನಡೆಸ್ತೀರಂತೆ. ಲೋಕ ಸಾಯ್ತಿರೋ ಕಥೆ ಇದ್ರೆ ಬರ್ತೀನಿ. ಸುಖಾಂತ ಮಾತ್ರ ಬೇಡಪ್ಪ." ಖುಷಿಯಲ್ಲಿ ಹೂಂ ಅಂದುಬಿಟ್ಟೆ.

ಹುಡುಕಿದ ಕಥೆಗಳಲ್ಲೆಲ್ಲ ಕೊನೆಗೆ ಯಾರೋ ಆರಿಹೋಗುತ್ತಿರುವ ಸೂರ್ಯನನ್ನು ಉಳಿಸುತ್ತಾರೆ. ನಾನೇ ಒಂದು ಬರೆದು ಇವರೊಂದಿಗೆ ಆಡಿ ನೋಡಿದೆ. ಇವರದು ಬೂದಿ ಸುರಿಯುವ ಊರಿನ ಮುದಿ ಕಾವಲುಗಾರನ ಪಾತ್ರ. ಮುದುಕ ಚಳಿಗೆ ಸಾಯಬೇಕಿತ್ತು. ಮನಸ್ಸು ಬರದೆ ಕಂಬಳಿ ಕೊಟ್ಟೆ, ಆಮೇಲೆ ಬಿಸಿ ಹಾಲು, ಆಮೇಲೆ ಒಂದು ನಾಯಿಮರಿ!

"ಲೋಕ ಮುಳುಗಿಸ್ತಿದೀಯೋ, ನನ್ನ ಬಾಣಂತನ ಮಾಡ್ತಿದೀಯೋ?" ಎಂದು ನಕ್ಕರು.

ಮೂರು ಸಲ ತಿದ್ದಿದೆ, ಮೂರು ಸಲವೂ ಮುದುಕ ಬದುಕಿಕೊಂಡ. ನಾನೇ ಇಷ್ಟು ಸುಖವಾಗಿರುವಾಗ ಯಾರನ್ನು ಹೇಗೆ ಸಾಯಿಸಲಿ? ಅವಳು ಬೇಸರಪಟ್ಟು ಮತ್ತೆ ಮಾತು ಬಿಟ್ಟರೆ? ನನ್ನ ಕೈಲಾಗುತ್ತಿಲ್ಲ. ನಾಡಿದ್ದು ಶನಿವಾರವೇ, ಬೆಳಗಿನ ಆರೂವರೆಯ ಪ್ಯಾಸೆಂಜರ್ ರೈಲಿಗೆ ಬಂದಿಳಿಯುತ್ತಾಳೆ.