ಗೋಡೆ ಮೇಲಿನ ತೀಗ

ಧನ್ವಾಡ, ಶಿವರಾತ್ರಿಗೆ ಎಂಟು ದಿನ ಮುಂಚೆ

ಗದ್ವಾಲದಲ್ಲಿರುವ ಅತ್ತೆಯವರಿಗೆ ಬಸವೇಶ್ವರಿಯ ಶರಣು.

ಮೂರು ದಿನದಿಂದ ಒಂದೇ ಕನಸು. ಪಕ್ಕದ ಮನೆಯ ಆಶಪ್ಪಣ್ಣನ ಆಡು ನಮ್ಮ ಹಿತ್ತಲಲ್ಲಿ ನಿಂತು ನನ್ನನ್ನೇ ನೋಡುತ್ತದೆ. ಅದರ ಬಾಯಲ್ಲಿ ಒಂದು ಎಲೆಯೂ ಇಲ್ಲ.

ನಿಮ್ಮ ಮಲ್ಲಿಗೆ ಬಳ್ಳಿಯನ್ನು ಆ ಆಡು ತಿಂದಿತೆಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ಬಿಸಿಲೇರುವ ಮುಂಚೆ ಹಿತ್ತಲ ಗೋಡೆಗೆ ಸಿಮೆಂಟು ಗಿಲಾವ್ ಮಾಡಿಸಲು ಮೇಸ್ತ್ರಿಯನ್ನು ಕರೆಸಿದ್ದೆ. ಅವನು ತೆಲುಗಿನವನು. "ಅಮ್ಮಾ, ಗೋಡ ಮೀದ ತೀಗ ತೀಸೇಯಾಲಾ?" ಅಂದ. ಬಟ್ಟೆ ಒಣಹಾಕುವ ತಂತಿ ತೆಗೆಯಲೇ ಅಂತ ಕೇಳುತ್ತಿದ್ದಾನೆ ಅಂದುಕೊಂಡು, "ತೀಸೇಯಪ್ಪಾ" ಅಂದೆ. ತೆಲುಗಿನವರು ತಂತಿಗೂ ತೀಗ ಅನ್ನುತ್ತಾರೆ, ಬಳ್ಳಿಗೂ ತೀಗ ಅನ್ನುತ್ತಾರೆ. ಗೊತ್ತಿದ್ದೂ ತಿರುಗಿ ನೋಡಲಿಲ್ಲ, ಬದನೆ ಸಸಿ ನೆಡುತ್ತಿದ್ದೆ. ಎದ್ದು ನೋಡಿದರೆ ಬಳ್ಳಿ ಬುಡಸಮೇತ ನೆಲದ ಮೇಲಿತ್ತು. ತಂತಿ ಇದ್ದಲ್ಲೇ ಇತ್ತು.

ನೀವು ಆಶಪ್ಪಣ್ಣನಿಗೆ ಫೋನ್ ಮಾಡಿ ಬೈದಿರಿ. ನಿನ್ನೆ ಅವರು ಬಾಗಿಲಿಗೆ ಬಂದು, "ತಪ್ಪಾತು ತಂಗೆವ್ವ. ಬೀರಪ್ಪನಾಣಿ, ಬರೋ ಸಂತಿಗಿ ಅದನ್ನ ಮಾರಿಬಿಡ್ತೀನಿ" ಅಂದರು. ನಾನು, "ಇರಲಿ ಬಿಡ್ರಿ ಅಣ್ಣಾ" ಅಂದೆ. ತಪ್ಪು ನನ್ನದು, ದೊಡ್ಡ ಮನಸ್ಸು ಮಾಡಿದವಳೂ ನಾನೇ ಆದೆ.

ಆಮೇಲೆ ನಿಜ ಹೇಳಲೆಂದು ಎರಡು ಸಲ ಅವರ ಮನೆ ತನಕ ಹೋಗಿ, ಹೇಳದೆ ವಾಪಸ್ ಬಂದೆ. ನಿಮ್ಮ ಮಗನಿಗೂ ಹೇಳಿಲ್ಲ, ಈ ಪತ್ರ ಅಂಟಿಸಿ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಓದಿದ ಕೂಡಲೇ ಆಶಪ್ಪಣ್ಣನಿಗೆ ಫೋನ್ ಮಾಡಿ ಆಡಿನ ತಪ್ಪಿಲ್ಲ ಅಂತ ಹೇಳಿರಿ. ನನ್ನ ಹೆಸರು ಮುಚ್ಚಿಡಬೇಡಿರಿ. ಬರೋ ಸಂತೆ ಅಂದರೆ ಈ ವಾರದ್ದೋ ಮುಂದಿನ ವಾರದ್ದೋ ನನಗೆ ತಿಳಿಯಲಿಲ್ಲ. ಅದೊಂದು ಅವರನ್ನೇ ಇನ್ನೊಮ್ಮೆ ಕೇಳಿ ನೋಡಿರಿ.

ನಿಮ್ಮ ಸೊಸೆ
ಬಸವೇಶ್ವರಿ